ಮೊಗಲ್ಸ್‌ನಲ್ಲಿ (ಸ್ಕೀ ಇಳಿಜಾರಿನ ಹಿಮಗುಡ್ಡೆಗಳ ಸಾಲಿನಲ್ಲಿ) ಮೂರನೇ ಗುಡ್ಡೆಗೇ ಹಿಂದಕ್ಕೆ ವಾಲುತ್ತೇನೆ, ಏನು ಮಾಡಲಿ?

ಡೆನ್ವರ್‌ವಾಸಿ:
ಕೊಲೊರಾಡೊದ ವಿಂಟರ್ ಪಾರ್ಕ್ ಸ್ಕೀ ರೆಸಾರ್ಟ್‌ನ ಮೇರಿ ಜೇನ್ ಕಡೆ ಸ್ಕೀ ಮಾಡುತ್ತೇನೆ. ಸಪಾಟಾದ ಬ್ಲೂ ರನ್‌ಗಳಲ್ಲಿ (ಮಧ್ಯಮ ಕಷ್ಟದ ಸ್ಕೀ ದಾರಿಗಳಲ್ಲಿ) ತೊಂದರೆಯಿಲ್ಲ. ಮೊಗಲ್ಸ್‌ಗೆ ಇಳಿದರೆ ಮಾತ್ರ ಮೊದಲೆರಡು ಗುಡ್ಡೆ ಹೇಗೋ ದಾಟಿ, ಮೂರನೆಯದಕ್ಕೆ ವೇಗ ಜಾಸ್ತಿಯಾಗಿ, ಮೈ ಹಿಂದಕ್ಕೆ ವಾಲಿ, ತೊಡೆ ಉರಿದು ಕೂತೇ ಬಿಡುತ್ತೇನೆ. ಮಂಡಿ ಚೆನ್ನಾಗೇ ಮಡಚುತ್ತಿದ್ದೇನೆ. ಗಿಡ್ಡ ಸ್ಕೀ ತಗೊಂಡರೆ ಸರಿಹೋಗುತ್ತಾ?

ಹಿಮಗುಬ್ಬಿ:
ಸುಮ್ನೆ ದುಡ್ಡು ಹಾಕಬೇಡಿ ಸರ್. ಮಡಚುವುದನ್ನು ಹೇಳಿದ್ದೀರಿ, ಚಾಚುವುದನ್ನು ಹೇಳಿಲ್ಲ. ತೊಂದರೆ ಅಲ್ಲೇ ಇದೆ. ಗುಡ್ಡೆ ಏರುವಾಗ ಮಂಡಿ ಮಡಚಿತು, ಸರಿ. ನೆತ್ತಿ ದಾಟಿದ ಕೂಡಲೇ ಕಾಲು ಮತ್ತೆ ಉದ್ದವಾಗಬೇಕು, ಸ್ಕೀಯ ಮುಂತುದಿಯನ್ನು ಆಚೆಯ ತಗ್ಗಿಗೆ ಒತ್ತಬೇಕು. ಇಲ್ಲದಿದ್ದರೆ ಮಡಚಿದ ಕಾಲಲ್ಲೇ ಮುಂದಿನ ಗುಡ್ಡೆಗೆ ಬರುತ್ತೀರಿ, ಇನ್ನಷ್ಟು ಮಡಚಲು ಜಾಗವೇ ಇರುವುದಿಲ್ಲ, ಅದು ನಿಮ್ಮನ್ನು ಹಿಂದಕ್ಕೆ ಎಸೆಯುತ್ತದೆ.

ತಿರುಗುವುದು ನೆತ್ತಿಯ ಮೇಲೆ. ಅಲ್ಲಿ ಸ್ಕೀಯ ಎರಡೂ ತುದಿ ಗಾಳಿಯಲ್ಲಿರುತ್ತವೆ, ಪಾದದಡಿ ಮಾತ್ರ ಹಿಮ, ಹಾಗಾಗಿ ಸಲೀಸಾಗಿ ತಿರುಗುತ್ತದೆ. ತಗ್ಗಿನಲ್ಲಿ ತಿರುಗಿಸಲು ಹೋದರೆ ತುದಿಗಳು ಸಿಕ್ಕಿಕೊಳ್ಳುತ್ತವೆ. ತಿರುಗಿದ ಮೇಲೆ ಗುಡ್ಡೆಯ ಹಿಂಬದಿಯಲ್ಲಿ ಅಡ್ಡಡ್ಡ ಜಾರಿ, ವೇಗ ಅಲ್ಲೇ ಇಳಿಯುತ್ತದೆ. ಮೊದಲು ಒಂದೇ ಗುಡ್ಡೆ ಮಾಡಿ: ಪೋಲ್ (ಕೈಯಲ್ಲಿನ ಸ್ಕೀ ಕೋಲು) ಊರಿ, ತಿರುಗಿ, ಜಾರಿ, ಪೂರ್ತಿ ನಿಲ್ಲಿ. ಬೋರ್ ಹೊಡೆಯುತ್ತದೆ, ಆದರೂ ಮಾಡಿ. ನಿಲ್ಲಲು ಬಂದಮೇಲೆ ಎರಡು ಗುಡ್ಡೆ ಸೇರಿಸಿ.

ಬೂಟುಬಕಲ್:
ಮೇಲಿನದು ಸರಿ. ಇನ್ನೊಂದು, ಪೋಲ್ ಊರಿದ ಕೈ ಹಿಂದೆ ಉಳಿಯುತ್ತಿದೆಯಾ ನೋಡಿ. ಕೈ ಹಿಂದಾದರೆ ಭುಜವೂ ತಿರುಗುತ್ತದೆ, ಸೊಂಟವೂ ಹಿಂದೆ ಹೋಗುತ್ತದೆ. ಊರಿದ ತಕ್ಷಣ ಕೈ ಮುಂದಕ್ಕೆ ತನ್ನಿ, ಕಣ್ಣು ಎರಡು ಮೂರು ಗುಡ್ಡೆ ಮುಂದಿರಲಿ. ಮೊಣಕಾಲಿನ ಕೆಳಗಿನ ಕಾಲಿನ ಮುಂಭಾಗ ಬೂಟಿನ ನಾಲಿಗೆಗೆ ತಾಗಿಕೊಂಡೇ ಇರಬೇಕು. ಕೆನಡಾದ ಮೊಗಲ್ಸ್ ಚಾಂಪಿಯನ್ ಮಿಕಾಯೆಲ್ ಕಿಂಗ್ಸ್‌ಬರಿಯ ವಿಡಿಯೊ ನಿಧಾನಗತಿಯಲ್ಲಿ ನೋಡಿ, ಮಂಡಿ ಎದೆತನಕ ಬಂದರೂ ತಲೆ ಅಲ್ಲಾಡುವುದಿಲ್ಲ. ಆದರೆ ಅವರ ನೇರ ದಾರಿಯನ್ನು ನಕಲು ಮಾಡಬೇಡಿ! ಸ್ಪರ್ಧೆಯಲ್ಲೂ 100ಕ್ಕೆ 60 ಅಂಕ ತಿರುವುಗಳಿಗೇ, ವೇಗಕ್ಕೆ 20 ಅಷ್ಟೇ.

ಡೆನ್ವರ್‌ವಾಸಿ:
ಓಹ್, ನಾನು ತಗ್ಗಿನಲ್ಲೇ ತಿರುಗುತ್ತಿದ್ದೆ ಅನ್ಸುತ್ತೆ. ಶನಿವಾರ ಮೇರಿ ಜೇನ್‌ನ ಔಟ್‌ಹೌಸ್ ರನ್‌ನಲ್ಲಿ ಪ್ರಯತ್ನಿಸಲಾ?

ಹಿಮಗುಬ್ಬಿ:
ಔಟ್‌ಹೌಸ್ ಸದ್ಯಕ್ಕೆ ಬೇಡ, ಅದು ಬ್ಲ್ಯಾಕ್ ರನ್ (ಬ್ಲೂಗಿಂತ ಕಷ್ಟದ ದಾರಿ), ನಡುವೆ ಸುಸ್ತಾದರೂ ಗುಡ್ಡೆಗಳಲ್ಲೇ ಇಳಿಯಬೇಕು. ಒಂದು ಬದಿ ಸಪಾಟು ಮಾಡಿ, ಇನ್ನೊಂದು ಬದಿ ಗುಡ್ಡೆ ಬಿಟ್ಟಿರುವ ರನ್ ಹುಡುಕಿ, ಸಾಕಾದರೆ ಪಕ್ಕಕ್ಕೆ ಹೋಗಬಹುದು. ಬೆಳಗ್ಗೆ ಗುಡ್ಡೆಗಳು ಕಲ್ಲಿನಂತಿದ್ದರೆ ಬಿಸಿಲು ಬಿದ್ದು ಮೆತ್ತಗಾಗುವತನಕ ಕಾಯಿರಿ.