ಟೆಕ್ನಿಕಲ್ ಬಾಕ್ಸರ್ ಅಂದ್ರೆ ಜನಕ್ಕೆ ಯಾಕಿಷ್ಟು ಅಲರ್ಜಿ?

ಗುರುಗಳೇ ಒಂದು ಡೌಟು. ನಿನ್ನೆ ರಾತ್ರಿ ಕೂತ್ಕೊಂಡು 2013ರ ರಿಗಾಂಡೋ-ಡೊನೇರ್ ಫೈಟ್ ಪೂರ್ತಿ ನೋಡ್ದೆ. ರಿಗಾಂಡೋ ಎರಡು ಸಲ ಒಲಿಂಪಿಕ್ ಚಿನ್ನ ಗೆದ್ದಿರೋ ಕ್ಯೂಬಾದ ಟೆಕ್ನಿಕಲ್ ಬಾಕ್ಸರ್, ಡೊನೇರ್ ಆಗ ಸಿಕ್ಕಿದೋರ್ನೆಲ್ಲ ಮಲಗಿಸ್ತಿದ್ದ ಟೈಮು, ಅಂಥವನ ಎಡಗೈ ಹುಕ್ಕು (ಮೊಣಕೈ ಮಡಚಿ ಪಕ್ಕದಿಂದ ಬೀಸೋ ಏಟು) ರಾತ್ರಿಯೆಲ್ಲ ಗಾಳಿಗೆ ಬೀಸೋ ಹಂಗೆ ಮಾಡಿಟ್ಟಿದಾನೆ (10ನೇ ರೌಂಡಲ್ಲಿ ರಿಗಾಂಡೋನೇ ಒಂದ್ಸಲ ಬಿದ್ದ, ಅದು ಬೇರೆ ಮಾತು). ಆದ್ರೂ ಇಬ್ರಿಗೂ ಪ್ರಮೋಟರ್ ಆಗಿದ್ದ ಬಾಬ್ ಅರಮ್ಮೇ ಗೆದ್ದೋನ್ನ ನೋಡಿ ಮುಖ ಸಿಂಡರಿಸ್ತಾರೆ. ಅದೇ ಏಟು ತಿಂದ್ಕೊಂಡೇ ಏಟು ಕೊಡ್ತಿದ್ದ ಆರ್ಟುರೋ ಗ್ಯಾಟಿ 9 ಫೈಟ್ ಸೋತಿದ್ರೂ ಜನಕ್ಕೆ ದೇವ್ರು. ಏಟು ತಿನ್ನದೇ ಏಟು ಕೊಡೋದೇ ಅಲ್ವಾ ಈ ಆಟ?

ಪಕ್ಕೆಲುಬು:
2002ರ ಗ್ಯಾಟಿ-ಮಿಕಿ ವಾರ್ಡ್ ಮೊದಲ್ನೇ ಫೈಟು, 9ನೇ ರೌಂಡ್ ಒಂದೇ ನೋಡಿ ಬನ್ನಿ, ಆಮೇಲೆ ಮಾತಾಡೋಣ. ರೌಂಡ್ ಶುರುವಾಗ್ತಿದ್ದಂಗೆ ವಾರ್ಡ್ ಎಡಗೈಲಿ ಲಿವರ್‌ಗೆ ಒಂದು ಬಿಡ್ತಾನೆ, ಗ್ಯಾಟಿ ಮುಖ ಹಿಂಡ್ಕೊಂಡು ಮಂಡಿ ಊರ್ತಾನೆ, ಮುಗೀತು ಅನ್ಕೋತೀರಾ, ಎದ್ದು ಏಟು ತಿಂದು ತಿಂದು ಅದೇ ರೌಂಡಲ್ಲಿ ತಿರುಗಿ ವಾರ್ಡ್‌ನ ಚಚ್ಚೋಕೆ ಶುರು ಮಾಡ್ತಾನೆ! ಆ ಫೈಟ್ ಸೋತಿದ್ದು ಗ್ಯಾಟಿನೇ, ಅದು ಯಾರಿಗ್ ಬೇಕು. ಟೆಕ್ನಿಕಲ್ ಆಟಗಾರ ಮಾಡೋದು ಅಪಾಯಾನೇ ಇಲ್ದಂಗೆ ಮಾಡೋದು, ನಾವು ದುಡ್ಡು ಕೊಟ್ಟು ಬರೋದು ಆ ಅಪಾಯ ನೋಡೋಕೆ.

ಸೌತ್‌ಪಾ ಸ್ವಾಮಿ:
ಅರ್ಧ ತಪ್ಪು ಟಿವಿದು. ಎರಡು ವರ್ಷ ಜಿಮ್ಮಲ್ಲಿ ಒದೆ ತಿಂದಿರೋ ಅನುಭವದಲ್ಲಿ ಹೇಳ್ತೀನಿ, ನನಗಿಂತ ಸಣ್ಣ ಎಡಚ ಹುಡುಗ ಒಬ್ಬ ಸ್ಪಾರಿಂಗಲ್ಲಿ ತನ್ನ ಮುಂದಿನ ಪಾದಾನ ನನ್ನ ಪಾದದ ಹೊರಗಡೆಗೆ ಇಟ್ಟ, ಅಷ್ಟೇ. ನನ್ನ ಬಲಗೈಗೆ ದಾರಿನೇ ಇಲ್ಲ, ಅವನ ಎಡಗೈ ಸೀದಾ ಮೂಗಿಗೆ. ರಿಗಾಂಡೋ ರಾತ್ರಿಯೆಲ್ಲ ಮಾಡಿದ್ದು ಇದನ್ನೇ, ಆದ್ರೆ ಕ್ಯಾಮೆರಾ ಸೊಂಟದ ಮೇಲೇ ಇದ್ರೆ ನಿಮಗೆ ಕಾಣೋದು ಇಬ್ರು ಸುಮ್ನೆ ಸುತ್ತಾಡ್ತಿರೋದು. ಜಡ್ಜ್‌ಗಂತೂ ಯಾರೂ ಬೀಳದಿದ್ರೆ ಸಪ್ಪೆ ರೌಂಡಾದ್ರೂ ಖಾರದ ರೌಂಡಾದ್ರೂ ಸಾಮಾನ್ಯವಾಗಿ ಅದೇ 10-9, ರೌಂಡ್ ಗೆದ್ದೋನಿಗೆ 10, ಸೋತೋನಿಗೆ 9.

ಮೂಲೆ ಸ್ಟೂಲು:
ಹಂಗಾದ್ರೆ ಮೇವೆದರ್? ಅವನೂ ಏಟು ತಪ್ಪಿಸ್ಕೊಂಡೇ ಗೆಲ್ಲೋ ಟೆಕ್ನಿಕಲ್ ಬಾಕ್ಸರ್ರೇ ಅಲ್ವಾ. 2015ರಲ್ಲಿ ಪಾಕಿಯಾವೋ ಜೊತೆ ಆಡಿದಾಗ ಅಮೆರಿಕದಲ್ಲಿ 46 ಲಕ್ಷ ಪೇ ಪರ್ ವ್ಯೂ (ಒಂದು ಫೈಟ್‌ಗೆ ಅಂತ ದುಡ್ಡು ಕೊಟ್ಟು ಟಿವಿಲಿ ನೋಡೋದು) ಮಾರಾಟ ಆಯ್ತು, ಇಲ್ಲಿ ನಾವು ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ಆರಿಸ್ಕೊಂಡು ಕಾದಿದ್ದಷ್ಟೇ ಬಂತು, ಒಬ್ರೂ ಬೀಳ್ಲಿಲ್ಲ. ಅವನು ಹುಷಾರು ನನ್ಮಗ, ಡಿಫೆನ್ಸ್ ಮಾರೋಕಾಗಲ್ಲ ಅಂತ ಗೊತ್ತಾಗಿ 'ಪ್ರೆಟಿ ಬಾಯ್' ಅನ್ನೋ ಅಡ್ಡಹೆಸರು ಹೋಗಿ 'ಮನಿ' ಆದ, ಬಾಯಿ ಬಿಟ್ಟ, ಜನ ಅವನು ಸೋಲೋದು ನೋಡೋಕೇ ಕಾಸು ಕೊಟ್ರು. ರಿಗಾಂಡೋಗೆ ಆ ಬಾಯಿ ಇರ್ಲಿಲ್ಲ.

ಪ್ರಶ್ನೆ ಕೇಳಿದೋನು:
9ನೇ ರೌಂಡ್ ನೋಡ್ದೆ ಸಾರ್. ಗ್ಯಾಟಿ ಮಂಡಿ ಊರಿದಾಗ ನಾನೂ ಪಕ್ಕೆ ಹಿಡ್ಕೊಂಡೆ, ನಿಜ. ಆದ್ರೆ ಈಗ ರಿಗಾಂಡೋ ಫೈಟ್ ಮತ್ತೆ ಹಾಕಿದೀನಿ, ಬರೀ ಕಾಲು ನೋಡ್ಕೊಂಡು.