ಪ್ರೊಸೆಸರ್ ಓವರ್‌ಕ್ಲಾಕ್ ಮಾಡಿದ್ರೆ ಗೇಮ್‌ನಲ್ಲಿ ವ್ಯತ್ಯಾಸ ಕಾಣುತ್ತಾ?

ಪ್ರಶ್ನೆ (ಮಂಡ್ಯ): ಅಣ್ಣ, ನನ್ನತ್ರ ರೈಜನ್ 5 5600 ಪ್ರೊಸೆಸರ್, ಬಿ450 ಬೋರ್ಡು, 8 ಜಿಬಿಯ ಎರಡು ರ್‍ಯಾಮ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡು, 144 ಹರ್ಟ್ಸ್ ಫುಲ್ ಎಚ್‌ಡಿ ಮಾನಿಟರ್ ಇದೆ. ದೊಡ್ಡ ಓಪನ್‌ವರ್ಲ್ಡ್ ಗೇಮ್‌ಗಳಲ್ಲಿ 70 ಎಫ್‌ಪಿಎಸ್ (ಸೆಕೆಂಡಿಗೆ ಬರೋ ಚಿತ್ರಗಳು) ದಾಟ್ತಿಲ್ಲ. ಪ್ರೊಸೆಸರ್‌ನ ಓವರ್‌ಕ್ಲಾಕ್ ಮಾಡಿ, ಅಂದ್ರೆ ಕಂಪನಿ ಇಟ್ಟ ವೇಗ ಮೀರಿಸಿ 4.7 ಗಿಗಾಹರ್ಟ್ಸ್‌ಗೆ ಏರಿಸಿದ್ರೆ 100 ಬರುತ್ತೆ ಅಂತಾರೆ. ಒಳ್ಳೆ ಕೂಲರ್‌ಗೆ ದುಡ್ಡೂ ಎತ್ತಿಟ್ಟಿದೀನಿ. ಮಾಡ್ಲಾ?

ಉತ್ತರ (ಸಿಸ್ಟಮ್ ಸರ್ವೀಸ್, ಮೈಸೂರು): ಕೂಲರ್ ದುಡ್ಡು ಸದ್ಯಕ್ಕೆ ಹಾಗೇ ಇರ್ಲಿ. ಲೆಕ್ಕ ನೋಡಿ. 5600 ಏನೂ ಮುಟ್ಟದೇ ಇದ್ರೂ 4.4ರವರೆಗೆ ತಾನೇ ಏರುತ್ತೆ. 4.7 ಸಿಕ್ಕಿದ್ರೂ ಹೆಚ್ಚೋದು ಶೇ. 7ರೊಳಗೆ. ಅಷ್ಟೂ ಗೇಮ್‌ಗೇ ದಕ್ಕಿದ್ರೂ 70 ಇದ್ದದ್ದು 75 ಆದೀತು. 100 ಆಗೋ ದಾರಿ ಇಲ್ಲ.

ಅದೂ ಪ್ರೊಸೆಸರೇ ತಡೀತಿದ್ರೆ ಮಾತ್ರ. ಪ್ರತಿ ಫ್ರೇಮ್‌ಗೂ ಪ್ರೊಸೆಸರ್ ಲೆಕ್ಕ ಹಾಕಿ ಕೊಡುತ್ತೆ, ಗ್ರಾಫಿಕ್ಸ್ ಕಾರ್ಡು ಚಿತ್ರ ಬಿಡಿಸುತ್ತೆ. ಎರಡರಲ್ಲಿ ಯಾವುದು ನಿಧಾನವೋ ಅದರ ವೇಗವೇ ನಿಮ್ಮ ಎಫ್‌ಪಿಎಸ್. ಆಲೆಮನೇಲಿ ಗಾಣ ಎಷ್ಟೇ ಬಿರುಸಾಗಿ ಕಬ್ಬಿನ ಹಾಲು ಹಿಂಡಿದ್ರೂ, ಕೊಪ್ಪರಿಗೆ ಕಾಯೋ ಹೊತ್ತಿಗೇ ತಾನೆ ಬೆಲ್ಲ ಇಳಿಯೋದು?

ನಿಮ್ಮಲ್ಲಿ ಯಾವುದು ನಿಧಾನ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತೆ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನೋ ಸಾಫ್ಟ್‌ವೇರ್ ಹಾಕ್ಕೊಂಡು ಜಿಪಿಯು (ಗ್ರಾಫಿಕ್ಸ್ ಕಾರ್ಡು) ಬಳಕೆ, ಎಫ್‌ಪಿಎಸ್ ಎರಡೂ ಪರದೆ ಮೇಲೆ ಬರೋ ಹಾಗೆ ಮಾಡಿ. ವಿ-ಸಿಂಕ್ (ಎಫ್‌ಪಿಎಸ್‌ನ ಮಾನಿಟರ್ ವೇಗಕ್ಕೆ ಕಟ್ಟಿಹಾಕೋ ಸೆಟ್ಟಿಂಗ್), ಎಫ್‌ಪಿಎಸ್ ಮಿತಿ ಎರಡನ್ನೂ ತೆಗೀರಿ, ಇಲ್ಲಾಂದ್ರೆ ಅಂಕಿಗಳು ದಾರಿ ತಪ್ಪಿಸ್ತವೆ. ಒಂದೇ ಜಾಗದಲ್ಲಿ ನಿಂತು, ಬೇರೆ ಯಾವ ಸೆಟ್ಟಿಂಗ್‌ನೂ ಮುಟ್ಟದೆ, ರೆಸಲ್ಯೂಷನ್ ಮಾತ್ರ 1280×720ಕ್ಕೆ ಇಳಿಸಿ. ಎಫ್‌ಪಿಎಸ್ ಜಿಗಿದ್ರೆ ಕಾರ್ಡೇ ತಡೀತಿತ್ತು ಅಂತ. ಅಲ್ಲೇ ನಿಂತಿದ್ರೆ ಪ್ರೊಸೆಸರ್ ಇಲ್ಲವೇ ರ್‍ಯಾಮ್ ಕಡೆ ನೋಡ್ಬೇಕು. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಶೇ. 40 ಅಂತ ಕಂಡು 'ಪ್ರೊಸೆಸರ್ ಖಾಲಿ ಇದೆ' ಅಂದ್ಕೋಬೇಡಿ. 5600ಗೆ 12 ಥ್ರೆಡ್, ಅಂದ್ರೆ ಒಟ್ಟಿಗೆ ಓಡೋ 12 ಕೆಲಸದ ಸಾಲು. ಗೇಮ್‌ನ ಮುಖ್ಯ ಥ್ರೆಡ್ ಒಂದು ಕೋರಿನಲ್ಲಿ (ಪ್ರೊಸೆಸರ್ ಒಳಗಿನ ಲೆಕ್ಕ ಹಾಕೋ ಘಟಕ) ಪೂರ್ತಿ ಏದುಸಿರು ಬಿಡ್ತಿದ್ರೂ ಒಟ್ಟು ಲೆಕ್ಕದಲ್ಲಿ ಅದು ಶೇ. 8ರಷ್ಟೇ ಕಾಣೋದು.

ಪ್ರಶ್ನೆ ಕೇಳಿದವರು: ನೋಡ್ದೆ ಅಣ್ಣ. ಓಪನ್‌ವರ್ಲ್ಡ್ ಗೇಮ್‌ನಲ್ಲಿ ಜಿಪಿಯು ಶೇ. 98, ಎಫ್‌ಪಿಎಸ್ 71. 720ಕ್ಕೆ ಇಳಿಸಿದ್ರೆ 118. ಆದ್ರೆ ಆನ್‌ಲೈನ್ ಶೂಟರ್‌ನಲ್ಲಿ ಜಿಪಿಯು ಶೇ. 60 ಅಷ್ಟೇ, ಮಧ್ಯೆ ಮಧ್ಯೆ ಜರ್ಕ್ ಹೊಡೀತದೆ. ರ್‍ಯಾಮ್ ಸ್ಪೀಡ್ 2400 ಅಂತ ತೋರಿಸ್ತಿದೆ, ಪ್ಯಾಕೆಟ್ ಮೇಲೆ 3200 ಇತ್ತು.

ಉತ್ತರ: ಎರಡೂ ಬೇರೆ ಬೇರೆ ಕಾಯಿಲೆ. ಮೊದಲನೆಯದರಲ್ಲಿ ಕಾರ್ಡೇ ಗೋಡೆ, ಪ್ರೊಸೆಸರ್ ಏನು ಮಾಡಿದ್ರೂ 71 ಅಲ್ಲಾಡಲ್ಲ. ಆ ಗೇಮ್‌ನಲ್ಲಿ ಡಿಎಲ್‌ಎಸ್‌ಎಸ್ ಇದ್ರೆ ಕ್ವಾಲಿಟಿಗೆ ಇಡಿ. ಫುಲ್ ಎಚ್‌ಡಿಯಲ್ಲಿ ಅದು ಒಳಗೊಳಗೇ 1280×720ರಲ್ಲಿ ಚಿತ್ರ ಬಿಡಿಸಿ ದೊಡ್ಡದು ಮಾಡುತ್ತೆ. ಆ ಕೆಲಸಕ್ಕೂ ಸ್ವಲ್ಪ ಹೊತ್ತು ಹಿಡಿಯೋದ್ರಿಂದ ಪೂರ್ತಿ 118 ಬರಲ್ಲ, ಆದ್ರೆ ಯಾವ ಓವರ್‌ಕ್ಲಾಕೂ ಕೊಡದಷ್ಟು ಏರಿಕೆ ಸಿಗುತ್ತೆ.

ಎರಡನೆಯದಕ್ಕೆ ಮದ್ದು ರ್‍ಯಾಮ್. ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳ ಪರದೆ) ಎಕ್ಸ್‌ಎಂಪಿ, ಅಂದ್ರೆ ಪ್ಯಾಕೆಟ್ ಮೇಲಿನ ವೇಗದಲ್ಲೇ ರ್‍ಯಾಮ್ ಓಡಿಸೋ ಸೆಟ್ಟಿಂಗ್, ಆನ್ ಮಾಡಿ. ಬೋರ್ಡು ಆಸುಸ್ ಆದ್ರೆ ಅದರ ಹೆಸರು ಡಿಒಸಿಪಿ, ಎಂಎಸ್‌ಐ ಆದ್ರೆ ಎ-ಎಕ್ಸ್‌ಎಂಪಿ. ರೈಜನ್ ಒಳಗಿನ ಇನ್ಫಿನಿಟಿ ಫ್ಯಾಬ್ರಿಕ್ ಕೂಡ ರ್‍ಯಾಮ್ ಜೊತೆಗೇ ಓಡೋದ್ರಿಂದ, 2400ರಲ್ಲಿ ರ್‍ಯಾಮ್ ಮಾತ್ರ ಅಲ್ಲ, ಪ್ರೊಸೆಸರ್ ಒಳಗಿನ ದಾರಿಯೂ ಕುಂಟ್ತಿರುತ್ತೆ. ನಾಲ್ಕು ಸ್ಲಾಟ್ ಇದ್ರೆ ರ್‍ಯಾಮ್ ಕಡ್ಡಿಗಳು ಪ್ರೊಸೆಸರ್‌ನಿಂದ ಎಣಿಸಿ 2 ಮತ್ತು 4ನೇದರಲ್ಲಿ ಇರ್ಬೇಕು. 1-2 ಅಥವಾ 3-4ರಲ್ಲಿ ಪಕ್ಕಪಕ್ಕ ಕೂತಿದ್ರೆ ಒಂದೇ ಚಾನೆಲ್ (ಪ್ರೊಸೆಸರ್‌ಗೆ ಹೋಗೋ ದಾರಿ ಒಂದೇ), ಜರ್ಕ್‌ಗೆ ಅದೂ ಕಾರಣ. ಆಮೇಲೆ ರ್‍ಯಾಮ್ ಪರೀಕ್ಷಿಸೋ ಮೆಮ್‌ಟೆಸ್ಟ್86 ಒಂದು ರಾತ್ರಿ ಓಡಿಸಿ. ಒಂದೇ ಒಂದು ದೋಷ ಕಂಡ್ರೂ 3000ಕ್ಕೆ ಇಳಿಸಿ.

ಇನ್ನೊಬ್ಬರು (ಕುವೆಂಪುನಗರ): ಸರ್, ಅದೇ 5600ನ ಎಲ್ಲಾ ಕೋರ್ 4.6, 1.35 ವೋಲ್ಟ್‌ಗೆ ಫಿಕ್ಸ್ ಮಾಡಿದ್ರೆ ಸಿನಿಬೆಂಚ್ (ಪ್ರೊಸೆಸರ್ ವೇಗ ಅಳೆಯೋ ಸಾಫ್ಟ್‌ವೇರ್) ಸ್ಕೋರ್ ಚೆನ್ನಾಗಿ ಏರುತ್ತಲ್ಲ? ಪ್ರಯೋಜನ ಇಲ್ಲ ಅಂದ್ರೆ ಹೇಗೆ?

ಉತ್ತರ: ಏರುತ್ತೆ, ಸುಳ್ಳಲ್ಲ. ಸಿನಿಬೆಂಚ್ ಎಲ್ಲಾ ಕೋರ್‌ನೂ ದುಡಿಸುತ್ತೆ. ಗೇಮ್‌ಗೆ ಬೇಕಾದ್ದು ಒಂದೆರಡು ಕೋರಿನ ಗರಿಷ್ಠ ವೇಗ, ಅದು ಮೊದಲೇ 4.4 ಇದೆ. ಅಂದ್ರೆ ಗೇಮ್‌ಗೆ ಸಿಕ್ಕಿದ್ದು ಶೇ. 4.5. ಇನ್ನು ಬೆಲೆ: ಕರೆಂಟ್ ಖರ್ಚು ವೇಗದ ಜೊತೆ ನೇರವಾಗಿ, ವೋಲ್ಟೇಜ್ ಜೊತೆ ಅದರ ವರ್ಗದ ಲೆಕ್ಕದಲ್ಲಿ ಏರುತ್ತೆ. 4.2 ಗಿಗಾಹರ್ಟ್ಸ್, 1.2 ವೋಲ್ಟ್ ಇದ್ದದ್ದನ್ನ 4.6, 1.35ಕ್ಕೆ ತಂದ್ರೆ ವೇಗ ಶೇ. 9.5 ಹೆಚ್ಚು, ಖರ್ಚು ಮತ್ತು ಬಿಸಿ ಸುಮಾರು ಶೇ. 39 ಹೆಚ್ಚು. ಜೊತೆಗೆ ಕಂಪನಿ ಗ್ಯಾರಂಟಿ ಓವರ್‌ಕ್ಲಾಕ್‌ನಿಂದ ಆದ ಹಾನಿಗೆ ಅನ್ವಯಿಸಲ್ಲ.

ಮಾಡಲೇಬೇಕಂದ್ರೆ ಫಿಕ್ಸ್ ಬೇಡ, ಪಿಬಿಒ (ಪ್ರೊಸೆಸರ್ ತಾನೇ ವೇಗ ಏರಿಸೋ ಮಿತಿ ಸಡಿಲಿಸೋದು) ಮತ್ತು ಕರ್ವ್ ಆಪ್ಟಿಮೈಸರ್ (ವೋಲ್ಟೇಜ್ ತಗ್ಗಿಸೋದು) ಹಿಡೀರಿ. ಹಳೇ ಬಿ450ಗೆ ಹೊಸ ಬಯೋಸ್ ಬೇಕಾಗ್ಬೋದು, ಅದನ್ನ ಯುಪಿಎಸ್ ಮೇಲೇ ಹಾಕಿ. ನಡುವೆ ಕರೆಂಟ್ ಹೋದ್ರೆ ಬೋರ್ಡೇ ಹೋಯ್ತು. ಪಿಬಿಒ ಅಡ್ವಾನ್ಸ್ಡ್, ಬೂಸ್ಟ್ ಓವರ್‌ರೈಡ್ 100 ಮೆಗಾಹರ್ಟ್ಸ್, ಕರ್ವ್ ಆಪ್ಟಿಮೈಸರ್‌ನಲ್ಲಿ ಎಲ್ಲಾ ಕೋರ್‌ಗೂ ನೆಗೆಟಿವ್ 10. ಎರಡು ದಿನ ನೋಡಿ 15, ಆಮೇಲೆ 20. ವೋಲ್ಟೇಜ್ ತಗ್ಗಿ ವೇಗ ಏರೋದ್ರಿಂದ ಬಿಸಿ ಅಷ್ಟು ಹೆಚ್ಚಲ್ಲ.

ಏಪ್ರಿಲ್‌ನಲ್ಲಿ ನಮ್ಮ ಕಡೆ ರೂಮೇ 34 ಡಿಗ್ರಿ ಆಗುತ್ತೆ. ಡಿಸೆಂಬರ್‌ನಲ್ಲಿ 24 ಇದ್ದಾಗ 72 ತೋರಿಸ್ತಿದ್ದ ಚಿಪ್ ಆಗ 82ರ ಹತ್ತಿರ ಹೋಗುತ್ತೆ. 5600ರ ಮಿತಿ 90. ಚಳಿಗಾಲದಲ್ಲಿ ಟೆಸ್ಟ್ ಮಾಡಿ 'ಸ್ಟೇಬಲ್' ಅಂದ್ಬಿಟ್ರೆ ಬೇಸಿಗೇಲಿ ಕೈ ಕೊಡುತ್ತೆ.

ಕೂಲರ್ ಬಿಚ್ಚೋರಿಗೆ ಒಂದು ಮಾತು, ಇದನ್ನ ಮರೀಬೇಡಿ: 5600ರಂಥ ಎಎಂ4 ಸಾಕೆಟ್‌ನ ಚಿಪ್‌ನಲ್ಲಿ ಪಿನ್‌ಗಳು ಪ್ರೊಸೆಸರ್‌ಗೇ ಇರೋದು. ಒಣಗಿದ ಪೇಸ್ಟ್ ಹಿಡ್ಕೊಂಡು, ಕೂಲರ್ ನೇರ ಎಳೆದ್ರೆ ಪ್ರೊಸೆಸರೂ ಸಾಕೆಟ್‌ನಿಂದ ಕಿತ್ತು ಬರುತ್ತೆ, ಪಿನ್ ಬಾಗುತ್ತೆ. ಹತ್ತು ನಿಮಿಷ ಗೇಮ್ ಓಡಿಸಿ ಪೇಸ್ಟ್ ಬಿಸಿ ಮಾಡಿ, ಆಫ್ ಮಾಡಿ ಪ್ಲಗ್ ತೆಗೆದು, ಸ್ಕ್ರೂ ಬಿಚ್ಚಿ, ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ ಆಮೇಲೆ ಎತ್ತಿ.

ಮತ್ತೊಬ್ಬರು (ಶ್ರೀರಂಗಪಟ್ಟಣ): ನಂದು ಐ5 12400ಎಫ್, ಬಿ660 ಬೋರ್ಡು. ನನಗೂ ಇದೆಲ್ಲ ಆಗುತ್ತಾ?

ಉತ್ತರ: ಇಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಕೆ' ಇರ್ಬೇಕು, ಬೋರ್ಡೂ ಝಡ್ ಸರಣಿ ಆಗ್ಬೇಕು. ನಿಮ್ಮದರಲ್ಲಿ ಎಕ್ಸ್‌ಎಂಪಿ ಮಾತ್ರ ಆಗುತ್ತೆ, ಅದನ್ನ ಆನ್ ಮಾಡ್ಕೊಳ್ಳಿ.

ಕುವೆಂಪುನಗರದವರು: ನೆಗೆಟಿವ್ 20 ಹಾಕ್ದೆ ಸರ್. ಗೇಮ್ ಮೂರು ಗಂಟೆ ಸರಾಗ. ಬ್ರೌಸರ್ ತೆರೆದು ಸುಮ್ನೆ ಕೂತಿದ್ದಾಗ ರೀಸ್ಟಾರ್ಟ್ ಆಯ್ತು!

ಉತ್ತರ: ಅದು ಸಹಜ. ಕೆಲಸ ಹಗುರ ಇದ್ದಾಗಲೇ ಒಂದು ಕೋರ್ ತುತ್ತತುದಿಗೆ ಜಿಗಿಯೋದು, ಆ ವೇಗಕ್ಕೆ ನೀವು ತಗ್ಗಿಸಿದ ವೋಲ್ಟೇಜ್ ಸಾಲ್ತಿಲ್ಲ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ಲಾಗ್ ತೆಗೆದು ಡಬ್ಲ್ಯುಎಚ್‌ಇಎ-ಲಾಗರ್ (ಹಾರ್ಡ್‌ವೇರ್ ದೋಷದ ದಾಖಲೆ), ಐಡಿ 18 ಹುಡುಕಿ. ಅದರೊಳಗೆ ಎಪಿಐಸಿ ಐಡಿ ಅಂತ ಇರುತ್ತೆ. 5600ರಲ್ಲಿ 0, 1 ಅಂದ್ರೆ ಮೊದಲನೇ ಕೋರ್, 2, 3 ಅಂದ್ರೆ ಎರಡನೇದು, ಹೀಗೆ. ಆ ಕೋರ್ ಒಂದನ್ನೇ 10ಕ್ಕೆ ವಾಪಸ್ ತನ್ನಿ, ಉಳಿದವು 20ರಲ್ಲೇ ಇರ್ಲಿ. ಆಮೇಲೆ ಕೋರ್‌ಸೈಕ್ಲರ್ ಹಾಕಿ ರಾತ್ರಿಯೆಲ್ಲ ಬಿಡಿ, ಅದು ಒಂದೊಂದೇ ಕೋರನ್ನ ಸರದಿ ಪ್ರಕಾರ ಪರೀಕ್ಷೆ ಮಾಡುತ್ತೆ. ಬೂಟೇ ಆಗ್ತಿಲ್ಲ ಅನ್ನೋ ಹಂತ ಬಂದ್ರೆ ಗಾಬರಿ ಬೇಡ: ಪ್ಲಗ್ ತೆಗೆದು, ಬೋರ್ಡಿನ ಸಿಆರ್2032 ಸೆಲ್ ಐದು ನಿಮಿಷ ಹೊರಗಿಟ್ಟು ಮತ್ತೆ ಹಾಕಿ, ಬಯೋಸ್ ಮೊದಲಿನ ಹಾಗಾಗುತ್ತೆ. ಎಕ್ಸ್‌ಎಂಪಿಯೂ ಅಳಿಸಿ ಹೋಗಿರುತ್ತೆ, ಅದನ್ನ ಮತ್ತೆ ಆನ್ ಮಾಡಿ.