ಬಚ್ಚಲಿನ ವಾಲ್ವ್ ಹಿಂದಿನ ಡ್ರೈವಾಲ್‌ಗೆ (ಜಿಪ್ಸಮ್ ಹಲಗೆಯ ಗೋಡೆಗೆ) ಕಿಂಡಿ ಕೊರೆಯುವ ಬಗೆ

ಪ್ರಶ್ನೆ:
ನಾವಿರುವುದು ನ್ಯೂಜೆರ್ಸಿಯಲ್ಲಿ, 1994ರಲ್ಲಿ ಕಟ್ಟಿದ ಮರದ ಚೌಕಟ್ಟಿನ ಮನೆಯಲ್ಲಿ. ಬಚ್ಚಲಿನ ಷವರ್ ವಾಲ್ವ್ ಸೋರುತ್ತಿದ್ದು, ಹಿಂಬದಿಯ ಕೋಣೆಯ ಬಟ್ಟೆ ಕಪಾಟಿನ ಒಳಗೋಡೆಯಲ್ಲಿ ಕಿಂಡಿ ಮಾಡಿಕೊಟ್ಟರೆ ದುರಸ್ತಿ ಸುಲಭವೆಂದು ಪ್ಲಂಬರ್ ಹೇಳಿದ್ದಾರೆ. ಹದಿನಾಲ್ಕು ಅಂಗುಲ ಚದರದ ಪ್ಲಾಸ್ಟಿಕ್ ಮುಚ್ಚಳವನ್ನು ತಂದಿಟ್ಟಿದ್ದೇನೆ. ಇಟ್ಟಿಗೆ ಗೋಡೆಗಳ ನಡುವೆ ಬೆಳೆದವನಿಗೆ, ಗರಗಸ ಒಳಗಿನ ತಂತಿಗೋ ಕೊಳವೆಗೋ ತಗುಲೀತೆಂಬ ಅಳುಕು. ಎಲ್ಲಿಂದ ಆರಂಭಿಸಲಿ?

ಉತ್ತರ 1:
ಮೊದಲು ಗೋಡೆಯೊಳಗಿನ ಮರದ ಸ್ಟಡ್‌ಗಳನ್ನು, ಅಂದರೆ ಹಲಗೆಯನ್ನು ಹೊತ್ತ ನೇರ ಕಂಬಗಳನ್ನು, ಗುರುತಿಸಿ. ಬಲವಾದ ಅಯಸ್ಕಾಂತವನ್ನು ಗೋಡೆಯ ಮೇಲೆ ಸರಿಸುತ್ತ ಹೋದರೆ, ಹಲಗೆಯನ್ನು ಹಿಡಿದಿರುವ ಸ್ಕ್ರೂಗಳ ಮೇಲೆ ಅದು ಅಂಟಿಕೊಳ್ಳುತ್ತದೆ. ಸಾಮಾನ್ಯವಾಗಿ ಸ್ಟಡ್‌ಗಳು ನಡುವಿನಿಂದ ನಡುವಿಗೆ 16 ಅಂಗುಲ ಅಂತರದಲ್ಲಿರುತ್ತವೆ. ಒಂದೊಂದರ ದಪ್ಪ ಒಂದೂವರೆ ಅಂಗುಲವಾದ್ದರಿಂದ ನಡುವೆ ಹದಿನಾಲ್ಕೂವರೆ ಅಂಗುಲ ಖಾಲಿ ಜಾಗ ಉಳಿಯುತ್ತದೆ, ನಿಮ್ಮ ಮುಚ್ಚಳ ಅದರೊಳಗೆ ಸರಿಯಾಗಿ ಕೂರುತ್ತದೆ. ಆದರೆ ಗೆರೆ ಎಳೆಯುವಾಗ ಮುಚ್ಚಳದ ಹೊರ ಅಂಚನ್ನು ಅಳೆಯಬೇಡಿ, ಅದು ಗೋಡೆಯ ಮೇಲೆ ಕೂರುವ ಭಾಗ; ಪೆಟ್ಟಿಗೆಯ ಮೇಲೆ ನಮೂದಿಸಿದ ಕಿಂಡಿಯ ಅಳತೆಯನ್ನೇ ಹಿಡಿಯಿರಿ. ಈ ಒಂದು ತಪ್ಪಿನಿಂದ ನಾನು ಒಮ್ಮೆ ಮುಚ್ಚಳಕ್ಕಿಂತ ದೊಡ್ಡ ಕಿಂಡಿ ಮಾಡಿದ್ದೆ.

ಉತ್ತರ 2:
ಕತ್ತರಿಸುವುದಕ್ಕಿಂತ ಮೊದಲು, ಗೆರೆ ಎಳೆದ ಚೌಕದ ನಡುವೆ ಎರಡಂಗುಲದ ಸಣ್ಣ ತೂತು ಕೊರೆದು ಫೋನಿನ ಕ್ಯಾಮೆರಾದಲ್ಲಿ ಒಳಗನ್ನು ನೋಡಿಬಿಡಿ. ತೂತು ಕೊರೆಯುವ ಮುನ್ನವೇ ಆ ಭಾಗದ ಸರ್ಕ್ಯೂಟನ್ನು ಬ್ರೇಕರ್‌ನಲ್ಲಿ ಆರಿಸಿ, ನೀರನ್ನೂ ನಿಲ್ಲಿಸಿ. ಹಲಗೆಯ ದಪ್ಪ ಸಾಮಾನ್ಯವಾಗಿ ಅರ್ಧ ಅಂಗುಲವಷ್ಟೇ. ಆದ್ದರಿಂದ ಗರಗಸದ ತುದಿಯಿಂದ ಮುಕ್ಕಾಲು ಅಂಗುಲದಲ್ಲಿ ಟೇಪ್ ಸುತ್ತಿ ಗುರುತು ಮಾಡಿಕೊಂಡು, ಅದನ್ನು ಓರೆಯಾಗಿ ಹಿಡಿದು, ಆ ಗುರುತು ದಾಟದಂತೆ ಕತ್ತರಿಸಬೇಕು. ವಿದ್ಯುತ್ ಉಪಕರಣ ಬೇಡವೇ ಬೇಡ, ಧೂಳಿನಿಂದ ಕಪಾಟಿನ ಬಟ್ಟೆಯೆಲ್ಲ ಹಾಳಾಗುತ್ತದೆ. ಕೈಗರಗಸವಾದರೂ ಎನ್95 ಮುಖಗವಸು ಇರಲಿ. ಗೋಡೆ 1970ರ ದಶಕದ್ದೋ ಅದಕ್ಕೂ ಹಳೆಯದೋ ಆಗಿದ್ದರೆ ಹಲಗೆಗಳ ಸಂದಿಗೆ ಮೆತ್ತಿದ ಮಸಾಲೆಯಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಆಗ ಪರೀಕ್ಷೆಯಿಲ್ಲದೆ ಮುಟ್ಟಬಾರದು. ನಿಮ್ಮದು ಆಮೇಲಿನದು.

ಪ್ರಶ್ನೆ ಕೇಳಿದವರು:
ಸಣ್ಣ ತೂತು ಕೊರೆದು ನೋಡಿದ್ದೇ ಒಳ್ಳೆಯದಾಯಿತು. ಎಡಗಡೆಯ ಸ್ಟಡ್‌ಗೆ ಒತ್ತಿಕೊಂಡು ಒಂದು ಕೇಬಲ್ ಇಳಿದಿತ್ತು. ಆ ಬದಿಯನ್ನು ಗರಗಸದಿಂದ ಕತ್ತರಿಸದೆ, ಚಾಕುವಿನಿಂದ ಮೆಲ್ಲನೆ ಹತ್ತಾರು ಬಾರಿ ಗೀರಿ ಬಿಡಿಸಿದೆ. ಅಂಚು ಅಲ್ಲಲ್ಲಿ ಚೂರು ಚೂರಾದರೂ ಮುಚ್ಚಳದ ಚೌಕಟ್ಟು ಅದನ್ನು ಮುಚ್ಚಿಕೊಂಡಿದೆ. ನಾಳೆ ಪ್ಲಂಬರ್ ಬರುತ್ತಾರೆ.